ಬೇರೆ ಬೇರೆ ಬ್ರಾಂಡಿನ ಸ್ಮಾರ್ಟ್ ಸಾಧನಗಳನ್ನು ಒಂದೇ ಮನೆಯಲ್ಲಿ ಹೊಂದಿಸಿಕೊಳ್ಳುವುದು ಹೇಗೆ

ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಮನೆಯಲ್ಲಿ ಈಗಾಗಲೇ ಇರುವ ಸ್ಮಾರ್ಟ್ ಸಾಧನಗಳನ್ನೆಲ್ಲ ಬರೆಯಿರಿ. ಬಲ್ಬು, ಪ್ಲಗ್ಗು, ಬಾಗಿಲ ಸೆನ್ಸರ್, ಕ್ಯಾಮೆರಾ, ಸ್ಪೀಕರ್, ಟಿವಿ, ಎಸಿ ಓಡಿಸುವ ರಿಮೋಟ್ ಡಬ್ಬಿ, ಯಾವುದನ್ನೂ ಬಿಡಬೇಡಿ. ಎದುರಿಗೆ ಬ್ರಾಂಡಿನ ಹೆಸರು ಬರೆಯಿರಿ. ಅದರ ಪಕ್ಕದಲ್ಲಿ ಇನ್ನೊಂದು ವಿಷಯ ಬರೆಯಿರಿ: ಅದು ಯಾವ ಭಾಷೆಯಲ್ಲಿ ಮಾತಾಡುತ್ತದೆ? ವೈ-ಫೈ, ಬ್ಲೂಟೂತ್, ಜಿಗ್‌ಬೀ, ಝಡ್-ವೇವ್, ಥ್ರೆಡ್, ಇನ್‌ಫ್ರಾರೆಡ್, ಇವುಗಳಲ್ಲಿ ಯಾವುದು? ಡಬ್ಬದ ಮೇಲೆ ಚಿಕ್ಕದಾಗಿ ಲೋಗೋ ಇರುತ್ತದೆ. ಡಬ್ಬ ಎಸೆದಿದ್ದರೆ ಸಾಧನದ ಹಿಂದೆ ಇರುವ ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಸಿಗುತ್ತದೆ.

ಈ ಎರಡನೇ ವಿಷಯವೇ ಮುಖ್ಯ. ಬ್ರಾಂಡ್ ಬೇರೆ ಇದ್ದರೂ ಭಾಷೆ ಒಂದೇ ಆಗಿದ್ದರೆ ಕೂಡಿಸುವುದು ಸುಲಭ. ಬ್ರಾಂಡ್ ಒಂದೇ ಇದ್ದು ಭಾಷೆ ಬೇರೆ ಆಗಿದ್ದರೆ, ಒಂದೇ ಕಂಪನಿಯ ಎರಡು ಸಾಧನಗಳೂ ಮುಖ ತಿರುಗಿಸಿಕೊಂಡು ಕೂತಿರುತ್ತವೆ. ಇದು ನನಗೆ ಅರ್ಥವಾಗುವುದಕ್ಕೆ ಬಹಳ ದಿನ ಹಿಡಿಯಿತು. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು, ಇಡೀ ಬರಹದಲ್ಲಿ ಉಳಿದದ್ದನ್ನು ಬಿಟ್ಟರೂ ಇದನ್ನು ಬಿಡುವಂತಿಲ್ಲ: ಮನೆಗೆ ಮೆದುಳು ಒಂದೇ ಇರಬೇಕು. ಕೈಕಾಲು ಎಷ್ಟಾದರೂ ಇರಲಿ, ಯಾವ ಕಂಪನಿಯದಾದರೂ ಆಗಲಿ. ಆದರೆ 'ಸಂಜೆ ಆದ ಮೇಲೆ ಯಾರಾದರೂ ಬಂದರೆ ದೀಪ ಹಚ್ಚು' ಅನ್ನುವ ನಿರ್ಧಾರ ಒಂದೇ ಕಡೆ ಆಗಬೇಕು.

ಯಾವುದು ಯಾವ ಭಾಷೆ

ವೈ-ಫೈ ಸಾಧನಗಳು ಎಲ್ಲರಿಗೂ ಗೊತ್ತಿರುವಂಥವು. ರೂಟರ್‌ಗೆ ನೇರವಾಗಿ ಸೇರಿಕೊಳ್ಳುತ್ತವೆ, ಬೇರೆ ಹಬ್, ಅಂದರೆ ಸಾಧನಗಳನ್ನೂ ರೂಟರನ್ನೂ ಜೋಡಿಸುವ ಡಬ್ಬಿ, ಬೇಡ. ತೊಂದರೆ ಎಲ್ಲಿ ಅಂದರೆ ಇವುಗಳಲ್ಲಿ ಬಹುಪಾಲು ಕಂಪನಿಯ ಸರ್ವರ್ ಮೂಲಕ ಕೆಲಸ ಮಾಡುತ್ತವೆ. ನೀವು ಬಲ್ಬಿನ ಕೆಳಗೇ ನಿಂತು ಫೋನ್ ಒತ್ತಿದರೂ ಆ ಮಾತು ಮನೆಯಿಂದ ಹೊರಗೆ ಹೋಗಿ, ಎಲ್ಲೋ ಇರುವ ಸರ್ವರ್ ಮುಟ್ಟಿ, ವಾಪಸ್ ನಿಮ್ಮ ರೂಟರ್‌ಗೆ ಬಂದು, ಆಮೇಲೆ ಬಲ್ಬಿಗೆ ತಲುಪುತ್ತದೆ. ಸರ್ವರ್ ನಿಂತರೆ ಆ್ಯಪ್ ಸುಮ್ನೆ ಕೂರುತ್ತದೆ. ಇದು ಬರೀ ಹೆದರಿಕೆಯ ಮಾತಲ್ಲ. ರಿವಾಲ್ವ್ ಅನ್ನುವ ಹಬ್ಬಿನ ಸೇವೆಯನ್ನು 2016ರಲ್ಲಿ ನಿಲ್ಲಿಸಿದಾಗ ದುಡ್ಡು ಕೊಟ್ಟು ಕೊಂಡ ಹಬ್ ಕೆಲಸಕ್ಕೆ ಬಾರದ ಡಬ್ಬಿಯಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನುವ ಸ್ಮಾರ್ಟ್ ಸಾಧನಗಳ ಕಂಪನಿಯ ಸರ್ವರ್‌ಗಳು ಇದ್ದಕ್ಕಿದ್ದಂತೆ ಬಂದ್ ಆಗಿ ಬಳಕೆದಾರರು ಕಂಗಾಲಾದರು. ಅದಕ್ಕೇ ವೈ-ಫೈ ಸಾಧನ ಕೊಳ್ಳುವಾಗ ನಾನು ಮೊದಲು ನೋಡುವುದು ಇದನ್ನೇ: ಇಂಟರ್ನೆಟ್ ಇಲ್ಲದೆ ಮನೆಯೊಳಗೇ ಇದಕ್ಕೆ ಮಾತಾಡಲು ಬರುತ್ತದಾ?

ಜಿಗ್‌ಬೀ ಕೂಡ ವೈ-ಫೈ ಥರ 2.4 ಗಿಗಾಹರ್ಟ್ಜ್‌ನಲ್ಲೇ ಓಡುತ್ತದೆ, ಆದರೆ ಕರೆಂಟ್ ಬಹಳ ಕಡಿಮೆ ಸಾಕು. ಗುಂಡಿ ಗಾತ್ರದ ಬ್ಯಾಟರಿಯಲ್ಲಿ ಸೆನ್ಸರ್ ತಿಂಗಳುಗಟ್ಟಲೆ ನಡೆಯುತ್ತದೆ. ಸದಾ ಕರೆಂಟಿಗೆ ಸೇರಿಕೊಂಡಿರುವ ಬಲ್ಬು, ಪ್ಲಗ್ಗುಗಳು ಪಕ್ಕದವರ ಮಾತನ್ನು ಮುಂದಕ್ಕೆ ದಾಟಿಸುತ್ತವೆ. ಬ್ಯಾಟರಿ ಸಾಧನಗಳು ದಾಟಿಸುವುದಿಲ್ಲ. ಹಾಗಾಗಿ ಮನೆಯ ತುಂಬ ಸೆನ್ಸರ್‌ಗಳನ್ನೇ ಹಾಕಿ ಒಂದೂ ಪ್ಲಗ್ ಹಾಕದಿದ್ದರೆ ದೂರದ ಕೋಣೆಯ ಸೆನ್ಸರ್ ಕಳಚಿಕೊಳ್ಳುತ್ತಲೇ ಇರುತ್ತದೆ. ಜಿಗ್‌ಬೀಗೆ ಹಬ್ ಬೇಕೇ ಬೇಕು. 2016ರ ಜಿಗ್‌ಬೀ 3.0 ಬಂದ ಮೇಲೆ ಒಂದು ಕಂಪನಿಯ ಬಲ್ಬು ಇನ್ನೊಂದು ಕಂಪನಿಯ ಹಬ್ಬಿಗೆ ಸೇರುವುದು ಎಷ್ಟೋ ಸುಲಭವಾಯಿತು. ಆದರೂ ಎಲ್ಲ ಹಬ್ಬುಗಳೂ ಹೊರಗಿನವರನ್ನು ಒಂದೇ ಥರ ನೋಡಿಕೊಳ್ಳುವುದಿಲ್ಲ. ಆನ್-ಆಫ್ ಕೊಡುತ್ತವೆ, ಉಳಿದದ್ದನ್ನು ಬಚ್ಚಿಡುತ್ತವೆ.

ಝಡ್-ವೇವ್ 1 ಗಿಗಾಹರ್ಟ್ಜ್‌ಗಿಂತ ಕೆಳಗೆ ಓಡುತ್ತದೆ, ಗೋಡೆ ದಾಟುವುದು ಅದಕ್ಕೆ ಸುಲಭ, ವೈ-ಫೈ ಜೊತೆ ಜಗಳವೂ ಇಲ್ಲ. ಒಂದೇ ಎಚ್ಚರಿಕೆ: ದೇಶದಿಂದ ದೇಶಕ್ಕೆ ಫ್ರೀಕ್ವೆನ್ಸಿ ಬೇರೆ. ಅಮೆರಿಕದ್ದು 908 ಮೆಗಾಹರ್ಟ್ಜ್ ಆಸುಪಾಸು, ಯುರೋಪಿನದು 868, ಭಾರತದ್ದು 865. ಒಂದು ಕಡೆಯ ಹಬ್ಬಿಗೆ ಇನ್ನೊಂದು ಕಡೆಯ ಸ್ವಿಚ್ ತಂದು ಕೊಟ್ಟರೆ ಎಷ್ಟು ಹೊತ್ತು ಒತ್ತಿ ಹಿಡಿದರೂ ಸೇರುವುದಿಲ್ಲ.

ಥ್ರೆಡ್ ಅಂದರೆ ಜಿಗ್‌ಬೀ ಬಳಸುವ ಥರದ್ದೇ ರೇಡಿಯೋ, ಆದರೆ ಪ್ರತಿ ಸಾಧನಕ್ಕೂ ತನ್ನದೇ ಐಪಿವಿ6 ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ನಂಬರ್, ಇರುತ್ತದೆ. ಹಬ್ಬಿನ ಬದಲು ಥ್ರೆಡ್ ಜಾಲವನ್ನು ಮನೆಯ ನೆಟ್‌ವರ್ಕ್‌ಗೆ ಸೇರಿಸುವ 'ಬಾರ್ಡರ್ ರೂಟರ್' ಬೇಕು. ಹೊಸದಾಗಿ ಕೊಳ್ಳುವ ಮೊದಲು ಮನೆಯಲ್ಲಿ ಇರುವುದನ್ನು ನೋಡಿಕೊಳ್ಳಿ, ಎಷ್ಟೋ ಸಲ ಅದು ಆಗಲೇ ಮನೆಯಲ್ಲಿರುತ್ತದೆ. ಆಪಲ್‌ನ ಹೋಮ್‌ಪಾಡ್ ಮಿನಿ, ಗೂಗಲ್‌ನ ಎರಡನೇ ತಲೆಮಾರಿನ ನೆಸ್ಟ್ ಹಬ್, ಅಮೆಜಾನ್‌ನ ನಾಲ್ಕನೇ ತಲೆಮಾರಿನ ಎಕೋ ಸ್ಪೀಕರ್, ಇವುಗಳ ಒಳಗೆ ಥ್ರೆಡ್ ಇದೆ.

ಇನ್ನು ಮ್ಯಾಟರ್. ಇದನ್ನು ಜಾಸ್ತಿ ಜನ ತಪ್ಪು ತಿಳಿದುಕೊಂಡಿದ್ದಾರೆ. ಮ್ಯಾಟರ್ ಹೊಸ ರೇಡಿಯೋ ಅಲ್ಲ. ವೈ-ಫೈ, ಥ್ರೆಡ್, ಈಥರ್ನೆಟ್ ಕೇಬಲ್, ಇವುಗಳ ಮೇಲೆ ಆಡುವ ಮಾತು ಅದು. ದಾರಿ ಯಾವುದಾದರೂ ಇರಲಿ, ಆಡುವ ಮಾತು ಒಂದೇ. 2019ರ ಡಿಸೆಂಬರ್‌ನಲ್ಲಿ ಅಮೆಜಾನ್, ಆಪಲ್, ಗೂಗಲ್ ಮತ್ತು ಜಿಗ್‌ಬೀ ಅಲಯನ್ಸ್ ಕೂಡಿ ಈ ಕೆಲಸ ಶುರು ಮಾಡಿದರು, 2022ರ ಅಕ್ಟೋಬರ್‌ನಲ್ಲಿ ಮೊದಲ ಆವೃತ್ತಿ ಬಂತು. ಒಬ್ಬರ ಮುಖ ಒಬ್ಬರು ನೋಡದ ಕಂಪನಿಗಳು ಒಂದೇ ಲೋಗೋ ಕೆಳಗೆ ಬಂದದ್ದು ನಮ್ಮಂಥವರಿಗೆ ನಿಜಕ್ಕೂ ದೊಡ್ಡ ಉಪಕಾರ. ಇವತ್ತು ಹೊಸದಾಗಿ ಬಲ್ಬು, ಪ್ಲಗ್ಗು, ಬೀಗ, ಸೆನ್ಸರ್ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ: ಡಬ್ಬದ ಮೇಲೆ ಮ್ಯಾಟರ್ ಗುರುತು ಇದ್ದರೆ ಅದನ್ನೇ ತನ್ನಿ.

ಮೆದುಳು ಆರಿಸುವುದು

ಗೂಗಲ್ ಹೋಮ್, ಅಲೆಕ್ಸಾ, ಆಪಲ್ ಹೋಮ್, ಸ್ಯಾಮ್‌ಸಂಗ್ ಸ್ಮಾರ್ಟ್‌ಥಿಂಗ್ಸ್, ಹೋಮ್ ಅಸಿಸ್ಟೆಂಟ್. ದೊಡ್ಡ ಆಯ್ಕೆಗಳು ಇವು. ಯಾವುದು ಒಳ್ಳೆಯದು ಅಂತ ಕೇಳುವುದಕ್ಕಿಂತ ಮನೆಯವರ ಕೈಯಲ್ಲಿ ಯಾವ ಫೋನ್ ಇದೆ, ಮನೆಯಲ್ಲಿ ಈಗಾಗಲೇ ಯಾವ ಸ್ಪೀಕರ್ ಇದೆ ನೋಡಿ. ಎಲ್ಲರ ಹತ್ತಿರವೂ ಐಫೋನ್ ಇದ್ದರೆ ಆಪಲ್ ಹೋಮ್ ಚೆನ್ನಾಗಿ ನಡೆಯುತ್ತದೆ, ಆದರೆ ಒಬ್ಬರ ಹತ್ತಿರ ಆಂಡ್ರಾಯ್ಡ್ ಇದ್ದರೆ ಅವರು ಹೊರಗೆ ಉಳಿಯುತ್ತಾರೆ. ಮಿಶ್ರ ಮನೆಗೆ ಗೂಗಲ್, ಅಲೆಕ್ಸಾ ಅಥವಾ ಸ್ಮಾರ್ಟ್‌ಥಿಂಗ್ಸ್ ಸಲೀಸು. ಮ್ಯಾಟರ್ ಬಳಸಬೇಕಾದರೆ ಬರೀ ಆ್ಯಪ್ ಸಾಲದು, ಆ ಕಂಪನಿಯ ಒಂದು ಸ್ಪೀಕರ್, ಹಬ್ ಅಥವಾ ಟಿವಿ ಡಬ್ಬಿ ಮನೆಯಲ್ಲಿ ಸದಾ ಆನ್ ಆಗಿರಬೇಕು. ನೀವು ಫೋನ್ ತೆಗೆದುಕೊಂಡು ಹೊರಗೆ ಹೋದಾಗ ಮನೆ ನೋಡಿಕೊಳ್ಳುವವರು ಯಾರಾದರೂ ಬೇಕಲ್ವಾ?

ಹೋಮ್ ಅಸಿಸ್ಟೆಂಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಬ್ರಾಂಡುಗಳು ಬಹಳ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಮದ್ದು ನಾನು ನೋಡಿಲ್ಲ. 2013ರಲ್ಲಿ ಶುರುವಾದ ಓಪನ್ ಸೋರ್ಸ್ ತಂತ್ರಾಂಶ ಇದು, ಬಿಟ್ಟಿಯಾಗಿ ಸಿಗುತ್ತದೆ. ರಾಸ್ಪ್‌ಬೆರಿ ಪೈ ಥರದ ಪುಟ್ಟ ಕಂಪ್ಯೂಟರ್‌ನಲ್ಲೋ, ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್‌ನಲ್ಲೋ ಓಡಿಸಬಹುದು. ಸಾವಿರಕ್ಕೂ ಹೆಚ್ಚು ಬಗೆಯ ಸೇವೆ, ಸಾಧನಗಳಿಗೆ ಜೋಡಣೆ ಇದೆ. ಮಾತು ಮನೆಯೊಳಗೇ ಮುಗಿಯುತ್ತದೆ, ಸರ್ವರ್ ಹಂಗಿಲ್ಲ. ಒಂದು ಯುಎಸ್‌ಬಿ ಜಿಗ್‌ಬೀ ಡಾಂಗಲ್ (ಪೆನ್‌ಡ್ರೈವ್ ಥರದ ಪುಟ್ಟ ರೇಡಿಯೋ) ಸಿಕ್ಕಿಸಿದರೆ ನಾಲ್ಕು ಕಂಪನಿಯ ನಾಲ್ಕು ಹಬ್ ಇಡುವ ಕಡೆ ಅದೊಂದೇ ಸಾಕಾಗುತ್ತದೆ. ಆದರೆ ಇದಕ್ಕೆ ಒಂದು ವಾರಾಂತ್ಯ ಪೂರ್ತಿ ಕೊಡಬೇಕು, ಆಮೇಲೂ ಆಗಾಗ ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳಬೇಕು. ಅಷ್ಟು ಸಮಯ ಇಲ್ಲದವರು, ಇಷ್ಟ ಇಲ್ಲದವರು ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಹತ್ತು ಸಾಧನ ಇರುವ ಮನೆಗೆ ಸ್ಪೀಕರ್ ಜೊತೆ ಬರುವ ಆ್ಯಪ್ ಧಾರಾಳವಾಗಿ ಸಾಕು.

ಒಂದು ಪ್ಲಗ್ ಹಿಡಿದು ನೋಡೋಣ

ಒಂದು ಮ್ಯಾಟರ್ ಪ್ಲಗ್ ತಂದಿದ್ದೀರಿ ಅಂದುಕೊಳ್ಳಿ. ಗೂಗಲ್ ಹೋಮ್ ನಿಮ್ಮ ಮನೆಯ ಮೆದುಳು, ಆದರೆ ಮನೆಯಲ್ಲಿ ಇನ್ನೊಬ್ಬರು ಐಫೋನಿನಲ್ಲಿ ಆಪಲ್ ಹೋಮ್ ಬಳಸುತ್ತಾರೆ.

ಪ್ಲಗ್ಗನ್ನು ಗೋಡೆಗೆ ಸಿಕ್ಕಿಸುವ ಮೊದಲು ಅದರ ಮೈಮೇಲಿರುವ ಕ್ಯೂಆರ್ ಕೋಡ್ ಫೋಟೋ ತೆಗೆದುಕೊಳ್ಳಿ. ಅದರ ಕೆಳಗೆ ಸಾಮಾನ್ಯವಾಗಿ 11 ಅಂಕಿಯ ಒಂದು ನಂಬರ್ ಇರುತ್ತದೆ, ಅದನ್ನು ನಿಮ್ಮ ಹಾಳೆಯಲ್ಲಿ ಬರೆದುಕೊಳ್ಳಿ. ಇದನ್ನು ಬಿಟ್ಟರೆ ಮುಂದೆ ಯಾವತ್ತೋ ರೀಸೆಟ್ ಮಾಡಬೇಕಾದಾಗ ಬೀರು ಸರಿಸಿ, ಗೋಡೆಯ ಮೂಲೆಯಲ್ಲಿ ಟಾರ್ಚ್ ಹಿಡಿದು ಆ ಚಿಕ್ಕ ಅಂಕಿ ಓದಬೇಕಾಗುತ್ತದೆ. ಸೀಲಿಂಗ್‌ನೊಳಗೆ ಹೋಗುವ ಸ್ವಿಚ್ ಆದರಂತೂ ಕೇಳುವುದೇ ಬೇಡ.

ಈಗ ಪ್ಲಗ್ ಸಿಕ್ಕಿಸಿ. ಫೋನಿನ ಬ್ಲೂಟೂತ್ ಆನ್ ಇರಲಿ, ಫೋನ್ ಮನೆಯ ವೈ-ಫೈನಲ್ಲೇ ಇರಲಿ. ಮೊದಲ ಪರಿಚಯ ಬ್ಲೂಟೂತ್ ಮೂಲಕ ಆಗುತ್ತದೆ, ವೈ-ಫೈ ಪಾಸ್‌ವರ್ಡನ್ನು ಪ್ಲಗ್ಗಿಗೆ ದಾಟಿಸುವುದು ಆ ದಾರಿಯಲ್ಲೇ. ಗೂಗಲ್ ಹೋಮ್ ಆ್ಯಪ್‌ನಲ್ಲಿ ಸಾಧನ ಸೇರಿಸು ಅಂತ ಒತ್ತಿ, ಕೋಡ್ ತೋರಿಸಿ. ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ, ನಡುವೆ ಫೋನ್ ತೆಗೆದುಕೊಂಡು ಬೇರೆ ಕೋಣೆಗೆ ಹೋಗಬೇಡಿ. ಸೇರಿತು ಅಂತ ಬಂದರೆ ಹೆಸರಿಟ್ಟು, ಒಮ್ಮೆ ಆನ್-ಆಫ್ ಮಾಡಿ ನೋಡಿ.

ಬಹಳ ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಈಗ ಐಫೋನ್ ತೆಗೆದು ಪ್ಲಗ್ಗಿನ ಮೇಲಿರುವ ಅದೇ ಕ್ಯೂಆರ್ ಕೋಡನ್ನು ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಆಗುವುದಿಲ್ಲ. 'ಸಾಧನ ಸಿಗುತ್ತಿಲ್ಲ' ಅಂತ ಬರುತ್ತದೆ, ಪ್ಲಗ್ ಹಾಳಾಗಿದೆ ಅಂದುಕೊಂಡು ವಾಪಸ್ ಕಳಿಸುವವರೂ ಇದ್ದಾರೆ. ಪ್ಲಗ್ ಸರಿಯಾಗೇ ಇದೆ. ಒಂದು ಮನೆಗೆ ಸೇರಿದ ಮೇಲೆ ಅದು ಬಾಗಿಲು ಹಾಕಿಕೊಂಡಿದೆ ಅಷ್ಟೇ. ಆ ಬಾಗಿಲನ್ನು ತೆಗೆಯಬೇಕಾದವರು ಈಗಾಗಲೇ ಒಳಗಿರುವವರು. ಹಾಗಾಗಿ ಗೂಗಲ್ ಹೋಮ್‌ಗೆ ವಾಪಸ್ ಹೋಗಿ, ಪ್ಲಗ್ಗಿನ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ 'ಲಿಂಕ್ಡ್ ಮ್ಯಾಟರ್ ಆ್ಯಪ್ಸ್ ಆ್ಯಂಡ್ ಸರ್ವಿಸಸ್' ಅನ್ನುವ ಜಾಗ ಇರುತ್ತದೆ. ಒತ್ತಿದರೆ ಹೊಸ ಕೋಡ್ ಹುಟ್ಟುತ್ತದೆ. ಆ ಕೋಡನ್ನು ಆಪಲ್ ಹೋಮ್‌ನಲ್ಲಿ ಹಾಕಿ. ಬಾಗಿಲು ಕೆಲವೇ ನಿಮಿಷ ತೆರೆದಿರುತ್ತದೆ, ಹೆಚ್ಚೆಂದರೆ 15 ನಿಮಿಷ. ತಡವಾದರೆ ಮತ್ತೆ ಹೊಸ ಕೋಡ್ ತೆಗೆಯಬೇಕು. ಆಪಲ್‌ನಿಂದ ಬೇರೆ ಕಡೆ ಹಂಚುವಾಗ ಇದೇ ಕೆಲಸಕ್ಕೆ 'ಟರ್ನ್ ಆನ್ ಪೇರಿಂಗ್ ಮೋಡ್' ಅಂತ ಹೆಸರು, ಅಲೆಕ್ಸಾದಲ್ಲಿ 'ಅದರ್ ಅಸಿಸ್ಟೆಂಟ್ಸ್ ಆ್ಯಂಡ್ ಆ್ಯಪ್ಸ್'. ಆ್ಯಪ್ ಅಪ್‌ಡೇಟ್ ಆದಾಗ ಹೆಸರು ಸ್ವಲ್ಪ ಬದಲಾಗಬಹುದು, ಕೆಲಸ ಅದೇ.

ಹೀಗೆ ಒಂದೇ ಸಾಧನ ಹಲವು ಕಡೆ ಸೇರುವುದಕ್ಕೆ ಮಲ್ಟಿ-ಅಡ್ಮಿನ್ ಅನ್ನುತ್ತಾರೆ. ಕನಿಷ್ಠ ಐದು ಕಡೆ ಸೇರುವ ಜಾಗ ಪ್ರತಿ ಮ್ಯಾಟರ್ ಸಾಧನದಲ್ಲೂ ಇರಲೇಬೇಕು ಅನ್ನುವುದು ನಿಯಮ. ಒಂದು ಆ್ಯಪ್‌ನಿಂದ ತೆಗೆದುಹಾಕಿದರೆ ಉಳಿದವುಗಳಲ್ಲಿ ಹಾಗೇ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಮಾತ್ರ ಎಲ್ಲ ಕಡೆಯಿಂದಲೂ ಹೋಗುತ್ತದೆ.

ಮ್ಯಾಟರ್‌ನಿಂದ ಸಿಗದಿರುವುದೂ ಇದೆ, ಅದನ್ನೂ ಹೇಳಬೇಕು. ಆನ್-ಆಫ್, ಬೆಳಕಿನ ಪ್ರಮಾಣ, ಬಣ್ಣ, ತಾಪಮಾನ, ಇಂಥ ಮೂಲ ಕೆಲಸಗಳು ಎಲ್ಲ ಕಡೆ ಬರುತ್ತವೆ. ಬಲ್ಬಿನ ಕಂಪನಿ ಕೊಟ್ಟ ವಿಶೇಷ ಬೆಳಕಿನ ಆಟಗಳು ಅವರ ಆ್ಯಪ್‌ನಲ್ಲೇ ಉಳಿಯುತ್ತವೆ. ಸಾಧನದ ಅಪ್‌ಡೇಟ್ ಕೂಡ ಎಷ್ಟೋ ಸಲ ಅಲ್ಲಿಂದಲೇ ಆಗಬೇಕು. ಹಾಗಾಗಿ ಕಂಪನಿಯ ಆ್ಯಪ್‌ಗಳನ್ನೆಲ್ಲ ಒಂದೇ ಸಲ ಅಳಿಸಬೇಡಿ, ಒಂದು ಫೋಲ್ಡರ್‌ಗೆ ಹಾಕಿಡಿ. ಇನ್ನೊಂದು, ಮೊದಲ ಆವೃತ್ತಿಯಲ್ಲಿ ದೀಪ, ಪ್ಲಗ್ಗು, ಬೀಗ, ಪರದೆ, ಸೆನ್ಸರ್‌ಗಳು ಇದ್ದವು. ಎಸಿ, ಫ್ಯಾನು, ಫ್ರಿಜ್, ನೆಲ ಒರೆಸುವ ರೋಬೋಗಳು 2023ರ ಅಕ್ಟೋಬರ್‌ನ 1.2 ಆವೃತ್ತಿಯಲ್ಲಿ ಬಂದವು. ಕ್ಯಾಮೆರಾಗಳು ಬಂದದ್ದು ಅದಕ್ಕೂ ಬಹಳ ತಡವಾಗಿ. ನಿಯಮದಲ್ಲಿ ಬಂದ ಮಾತ್ರಕ್ಕೆ ನಿಮ್ಮ ಆ್ಯಪ್‌ಗೂ ಬಂದಿದೆ ಅಂತಲ್ಲ. ಕೊಳ್ಳುವ ಮೊದಲು ಎರಡು ಕಡೆಯೂ ನೋಡಿ: ಸಾಧನದಲ್ಲಿ ಮ್ಯಾಟರ್ ಇದೆಯಾ, ನಿಮ್ಮ ಮೆದುಳಿಗೆ ಆ ಬಗೆಯ ಸಾಧನ ಗೊತ್ತಾ?

ಮ್ಯಾಟರ್ ಇಲ್ಲದ ಹಳೆಯವುಗಳ ಗತಿ

ಎಸೆಯಬೇಡಿ. ಇವುಗಳಿಗೂ ದಾರಿ ಇದೆ.

ಹಳೆಯ ಜಿಗ್‌ಬೀ ಬಲ್ಬುಗಳು ಯಾವುದಾದರೂ ಹಬ್ ಕೆಳಗೆ ಇದ್ದರೆ, ಆ ಹಬ್ಬಿಗೆ ಮ್ಯಾಟರ್ ಅಪ್‌ಡೇಟ್ ಬಂದಿದೆಯಾ ನೋಡಿ. ಫಿಲಿಪ್ಸ್ ಹ್ಯೂ ಬ್ರಿಡ್ಜ್‌ಗೆ 2023ರಲ್ಲಿ ಹೀಗೇ ಬಂತು. ಹಬ್ ಒಂದು ದುಭಾಷಿಯ ಕೆಲಸ ಮಾಡುತ್ತದೆ. ಅದರ ಕೆಳಗಿರುವ ಬಲ್ಬುಗಳು ಹಳೆಯವೇ, ಅವಕ್ಕೆ ಮ್ಯಾಟರ್ ಗೊತ್ತೇ ಇಲ್ಲ, ಆದರೂ ಹೊರಗಿನವರಿಗೆ ಮ್ಯಾಟರ್ ಸಾಧನಗಳ ಥರ ಕಾಣುತ್ತವೆ. ಒಂದೊಂದೇ ಬಲ್ಬು ಸೇರಿಸುವ ಕೆಲಸವೂ ಇಲ್ಲ, ಹಬ್ ಸೇರಿಸಿದರೆ ಎಲ್ಲ ಒಟ್ಟಿಗೆ ಬರುತ್ತವೆ.

ಹಳೆಯ ವೈ-ಫೈ ಸಾಧನಕ್ಕೆ ಸುಲಭದ ದಾರಿ ಅಂದರೆ ಖಾತೆ ಜೋಡಿಸುವುದು. ಗೂಗಲ್ ಹೋಮ್ ಅಥವಾ ಅಲೆಕ್ಸಾ ಒಳಗೆ ಆ ಕಂಪನಿಯ ಹೆಸರು ಹುಡುಕಿ, ಲಾಗಿನ್ ಕೊಟ್ಟರೆ ಸಾಧನಗಳು ಕಾಣಿಸುತ್ತವೆ. ಐದು ನಿಮಿಷದ ಕೆಲಸ. ಬೆಲೆ ಅಂದರೆ ಒಂದು ಸರ್ವರ್ ಇನ್ನೊಂದು ಸರ್ವರ್‌ನ ಜೊತೆ ಮಾತಾಡಬೇಕು, ಸ್ವಲ್ಪ ನಿಧಾನ, ನಡುವೆ ಒಂದು ಕೊಂಡಿ ಕಳಚಿದರೂ ಕೆಲಸ ನಿಲ್ಲುತ್ತದೆ. ಆ ಕಂಪನಿಯ ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಸಾಧನಗಳೆಲ್ಲ 'ಆಫ್‌ಲೈನ್' ಅಂತ ತೋರಿಸಿದರೆ ಗಾಬರಿ ಬೇಡ, ಖಾತೆ ಕಳಚಿ ಮತ್ತೆ ಜೋಡಿಸಿ. ದೀಪಕ್ಕೆ, ಫ್ಯಾನಿಗೆ ಈ ದಾರಿ ಪರವಾಗಿಲ್ಲ. ಬಾಗಿಲ ಬೀಗಕ್ಕೆ, ಹೊಗೆ ಎಚ್ಚರಿಕೆಗೆ ನಾನು ಇದನ್ನು ಒಪ್ಪುವುದಿಲ್ಲ.

ಇನ್‌ಫ್ರಾರೆಡ್ ರಿಮೋಟ್ ಇರುವ ಎಸಿ, ಟಿವಿ, ಫ್ಯಾನುಗಳಿಗೆ ಐಆರ್ ಬ್ಲಾಸ್ಟರ್ ಅನ್ನುವ ಪುಟ್ಟ ಡಬ್ಬಿ ಸಿಗುತ್ತದೆ. ರಿಮೋಟ್ ಒತ್ತಿದ ಹಾಗೇ ಅದು ಕಿರಣ ಬಿಡುತ್ತದೆ. ಎದುರಿಗೆ ಅಡ್ಡ ಇರಬಾರದು, ಬಾಗಿಲು ಹಾಕಿದ ಬೀರುವಿನೊಳಗಿನ ಸೆಟ್‌ಟಾಪ್ ಬಾಕ್ಸ್‌ಗೆ ತಲುಪುವುದಿಲ್ಲ. ಜೊತೆಗೆ ಇದು ಒಮ್ಮುಖದ ಮಾತು. ಡಬ್ಬಿ 'ಆನ್ ಆಗು' ಅನ್ನುತ್ತದೆ, ಎಸಿ ಆನ್ ಆಯಿತೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ಯಾರಾದರೂ ಕೈಯಲ್ಲಿ ರಿಮೋಟ್ ಹಿಡಿದು ಆಫ್ ಮಾಡಿದರೆ ಆ್ಯಪ್‌ನಲ್ಲಿ ಇನ್ನೂ ಆನ್ ಅಂತಲೇ ಇರುತ್ತದೆ. ನಿಜ ಸ್ಥಿತಿ ಗೊತ್ತಾಗಬೇಕಾದರೆ ಅದೇ ಕೋಣೆಯಲ್ಲಿ ಒಂದು ತಾಪಮಾನದ ಸೆನ್ಸರ್ ಇಡಿ, ಅಥವಾ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಅಳೆಯುವ ಪ್ಲಗ್ ಹಾಕಿ. ಎಸಿ, ಗೀಸರ್ ಥರದ ಭಾರಿ ಸಾಧನಕ್ಕೆ ಪ್ಲಗ್ ಹಾಕುವಾಗ ಅದು ಎಷ್ಟು ಆ್ಯಂಪಿಯರ್ ತಡೆಯುತ್ತದೆ ಅಂತ ಓದದೆ ಹಾಕಬೇಡಿ. ಕಡಿಮೆ ಆ್ಯಂಪಿಯರ್‌ನ ಪ್ಲಗ್ ಬಿಸಿಯಾಗಿ ಕರಗುತ್ತದೆ, ಬೆಂಕಿಯ ಅಪಾಯವೂ ಇದೆ.

ಬಲ್ಬಿನ ವಿಷಯದಲ್ಲಿ ಒಂದು ಮಾತು. ಸ್ಮಾರ್ಟ್ ಬಲ್ಬ್ ಹಾಕಿ, ಗೋಡೆಯ ಹಳೆಯ ಸ್ವಿಚ್ಚನ್ನು ಹಾಗೇ ಬಿಟ್ಟರೆ ಯಾರಾದರೂ ಅಭ್ಯಾಸಬಲದಿಂದ ಆಫ್ ಮಾಡುತ್ತಾರೆ. ಕರೆಂಟೇ ಇಲ್ಲದ ಬಲ್ಬು ಯಾವ ಆ್ಯಪ್‌ನ ಮಾತೂ ಕೇಳುವುದಿಲ್ಲ. ಅದರ ಮೂಲಕ ದಾಟುತ್ತಿದ್ದ ಪಕ್ಕದ ಸೆನ್ಸರ್‌ಗಳೂ ಕಳಚಿಕೊಳ್ಳುತ್ತವೆ. ದಿನಾ ಕೈ ಹಾಕುವ ಸ್ವಿಚ್ ಇದ್ದರೆ ಬಲ್ಬಿನ ಬದಲು ಸ್ವಿಚ್ಚನ್ನೇ ಸ್ಮಾರ್ಟ್ ಮಾಡಿ. ಅದಕ್ಕೆ ಸ್ವಿಚ್ ಬಾಕ್ಸಿನಲ್ಲಿ ನ್ಯೂಟ್ರಲ್ ತಂತಿ ಬೇಕಾಗಬಹುದು, ಎಲೆಕ್ಟ್ರಿಷಿಯನ್ ಕೈಯಲ್ಲಿ ತೆರೆಸಿ ನೋಡಿದ ಮೇಲೆ ಮಾಡೆಲ್ ಆರಿಸಿ.

ನೆಟ್‌ವರ್ಕ್ ಸರಿ ಇಲ್ಲದಿದ್ದರೆ ಏನು ಮಾಡಿದರೂ ಅಷ್ಟೇ

ಸಾಧನ ಸೇರುತ್ತಿಲ್ಲ ಅನ್ನುವ ದೂರುಗಳಲ್ಲಿ ಅರ್ಧಕ್ಕರ್ಧ ರೂಟರ್‌ನ ಸೆಟ್ಟಿಂಗ್‌ನಿಂದ ಬರುವಂಥವು ಅಂತ ನನಗನ್ನಿಸುತ್ತದೆ. ಅಗ್ಗದ ವೈ-ಫೈ ಬಲ್ಬು, ಪ್ಲಗ್ಗುಗಳಿಗೆ 2.4 ಗಿಗಾಹರ್ಟ್ಜ್ ಮಾತ್ರ ಗೊತ್ತು, 5 ಗೊತ್ತಿಲ್ಲ. ರೂಟರ್‌ನಲ್ಲಿ 2.4 ಆಫ್ ಆಗಿದ್ದರೆ ಅವಕ್ಕೆ ನೆಟ್‌ವರ್ಕೇ ಕಾಣುವುದಿಲ್ಲ. ರೂಟರ್‌ನಲ್ಲಿ ವೈ-ಫೈ ಸುರಕ್ಷತೆಯ ಬಗೆ ಡಬ್ಲ್ಯುಪಿಎ3 ಮಾತ್ರ ಅಂತ ಇದ್ದರೆ ಹಳೆಯ ಸಾಧನಗಳು ಸೇರುವುದಿಲ್ಲ, ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿರುವ ಆಯ್ಕೆ ಇಡಿ. ಸುರಕ್ಷತೆಗೆ ಅಂತ ಸಾಧನಗಳನ್ನೆಲ್ಲ ಗೆಸ್ಟ್ ನೆಟ್‌ವರ್ಕ್‌ಗೆ (ಅತಿಥಿಗಳಿಗೆ ಅಂತ ರೂಟರ್ ಕೊಡುವ ಬೇರೆ ವೈ-ಫೈ) ಹಾಕುವವರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಗೆಸ್ಟ್ ನೆಟ್‌ವರ್ಕ್‌ನಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದ ಹಾಗೆ ಗೋಡೆ ಇರುತ್ತದೆ. ಮ್ಯಾಟರ್ ಅಂತೂ ಒಂದೇ ನೆಟ್‌ವರ್ಕ್‌ನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡೇ ನಡೆಯುವುದು. ಅದಕ್ಕೆ ಐಪಿವಿ6 ಕೂಡ ಬೇಕು, ರೂಟರ್‌ನಲ್ಲಿ ಅದನ್ನು ಆಫ್ ಮಾಡಿದ್ದರೆ ಆನ್ ಮಾಡಿ.

ಜಿಗ್‌ಬೀ ಮತ್ತು ವೈ-ಫೈ ಒಂದೇ ಬೀದಿಯಲ್ಲಿ ಓಡುವುದರಿಂದ ಚಾನೆಲ್ ನೋಡಿಕೊಳ್ಳಬೇಕು. ವೈ-ಫೈ ಚಾನೆಲ್ 1ರಲ್ಲಿ ಇದ್ದರೆ ಜಿಗ್‌ಬೀಯನ್ನು 20 ಅಥವಾ 25ಕ್ಕೆ ಇಡಿ. ವೈ-ಫೈ 11ರಲ್ಲಿ ಇದ್ದರೆ ಜಿಗ್‌ಬೀ 15 ಸರಿ. ಜಿಗ್‌ಬೀ ಚಾನೆಲ್ ಆಮೇಲೆ ಬದಲಾಯಿಸಿದರೆ ಕೆಲವು ಸಾಧನಗಳನ್ನು ಮತ್ತೆ ಸೇರಿಸಬೇಕಾಗಬಹುದು, ಅದಕ್ಕೇ ಶುರುವಿನಲ್ಲೇ ಯೋಚಿಸಿ ಇಡಿ.

ನನ್ನ ಮನೆಯಲ್ಲಿ ಆದದ್ದು ಹೇಳುತ್ತೇನೆ. ಜಿಗ್‌ಬೀ ಡಾಂಗಲ್ಲನ್ನು ಪುಟ್ಟ ಕಂಪ್ಯೂಟರ್‌ಗೆ ನೇರವಾಗಿ ಸಿಕ್ಕಿಸಿದ್ದೆ, ಪಕ್ಕದ ಪೋರ್ಟ್‌ನಲ್ಲಿ ಯುಎಸ್‌ಬಿ 3 ಡಿಸ್ಕ್ ಇತ್ತು. ದಿನಕ್ಕೆ ಎರಡು ಮೂರು ಸೆನ್ಸರ್ ಕಾಣೆಯಾಗುತ್ತಿದ್ದವು. ಬ್ಯಾಟರಿ ಬದಲಾಯಿಸಿದೆ, ಸೆನ್ಸರ್ ಬದಲಾಯಿಸಿದೆ, ಏನೂ ಆಗಲಿಲ್ಲ. ಆಮೇಲೆ ತಿಳಿಯಿತು, ಯುಎಸ್‌ಬಿ 3 ಪೋರ್ಟು, ಕೇಬಲ್ಲುಗಳೇ 2.4 ಗಿಗಾಹರ್ಟ್ಜ್‌ನಲ್ಲಿ ಗದ್ದಲ ಎಬ್ಬಿಸುತ್ತವೆ. ಒಂದು ಮೀಟರ್ ಉದ್ದದ ಸಾದಾ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ದೂರ ಇಟ್ಟೆ. ಅವತ್ತಿನಿಂದ ಒಂದು ಸೆನ್ಸರೂ ಕಳಚಿಲ್ಲ.

ಥ್ರೆಡ್ ಬಳಸುವವರಿಗೂ ಒಂದು ಸೂಚನೆ. ಎರಡು ಕಂಪನಿಯ ಬಾರ್ಡರ್ ರೂಟರ್ ಇದ್ದರೆ ಅವು ಒಂದೇ ಜಾಲ ಕಟ್ಟುವ ಬದಲು ಬೇರೆ ಬೇರೆ ಎರಡು ಜಾಲ ಕಟ್ಟಿಕೊಂಡು ಕೂರಬಹುದು. 2024ರ ಥ್ರೆಡ್ 1.4 ಆವೃತ್ತಿಯಲ್ಲಿ ಜಾಲದ ಗುರುತನ್ನು ಹಂಚಿಕೊಳ್ಳುವ ಒಂದೇ ಕ್ರಮ ಬಂದಿದೆ. ನಿಮ್ಮ ಸ್ಪೀಕರ್, ಹಬ್ಬುಗಳ ಅಪ್‌ಡೇಟ್ ಬಾಕಿ ಇಡಬೇಡಿ.

ಹೆಸರು ಮತ್ತು ನಿಯಮ

ಹೆಸರಿಡುವುದು ಚಿಕ್ಕ ಕೆಲಸ ಅನ್ನಿಸುತ್ತದೆ, ಆದರೆ ದಿನಾ ಬಳಸುವಾಗ ಇದೇ ದೊಡ್ಡದು. 'ಬಲ್ಬ್ 1', 'ಸ್ಮಾರ್ಟ್ ಪ್ಲಗ್ 2' ಅಂತ ಬಿಡಬೇಡಿ. ಕೋಣೆ, ಆಮೇಲೆ ವಸ್ತು: 'ಅಡುಗೆಮನೆ ದೀಪ', 'ಮಲಗುವ ಕೋಣೆ ಫ್ಯಾನ್'. ಬ್ರಾಂಡಿನ ಹೆಸರು ಸೇರಿಸಬೇಡಿ, ನಾಳೆ ಬಲ್ಬು ಬದಲಾದರೂ ಹೆಸರು ಉಳಿಯಬೇಕು. ಎಲ್ಲ ಆ್ಯಪ್‌ಗಳಲ್ಲೂ ಅದೇ ಹೆಸರು ಇರಲಿ. ಒಂದೇ ದೀಪ ಖಾತೆ ಜೋಡಣೆಯಿಂದ ಒಮ್ಮೆ, ಮ್ಯಾಟರ್‌ನಿಂದ ಇನ್ನೊಮ್ಮೆ, ಹೀಗೆ ಎರಡು ಸಲ ಬಂದಿದ್ದರೆ ಖಾತೆಯಿಂದ ಬಂದದ್ದನ್ನು ತೆಗೆದು ಮ್ಯಾಟರ್‌ನದನ್ನು ಉಳಿಸಿಕೊಳ್ಳಿ.

ಇನ್ನು ನಿಯಮಗಳು, ಅಂದರೆ ಆಟೊಮೇಷನ್. ಮೆದುಳು ಒಂದೇ ಇರಬೇಕು ಅಂದೆನಲ್ಲ, ಅದರ ಬೆಲೆ ಗೊತ್ತಾಗುವುದು ಇಲ್ಲೇ. ನಮ್ಮ ಓಡಾಡುವ ಹಾದಿಯ ದೀಪಕ್ಕೆ ನಾನು ಸ್ಪೀಕರ್‌ನ ಆ್ಯಪ್‌ನಲ್ಲಿ 'ಸಂಜೆ ಆದ ಮೇಲೆ ಆನ್ ಇರು' ಅಂತ ಹಾಕಿದ್ದೆ. ಅದಕ್ಕೂ ಮೊದಲು ಯಾವತ್ತೋ ಸೆನ್ಸರ್ ಕಂಪನಿಯ ಆ್ಯಪ್‌ನಲ್ಲಿ 'ಎರಡು ನಿಮಿಷ ಯಾರೂ ಓಡಾಡದಿದ್ದರೆ ಆಫ್ ಆಗು' ಅಂತ ಹಾಕಿದ್ದು ಮರೆತೇ ಹೋಗಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಆಯಿತು. ಅಮ್ಮ ಅಲ್ಲೇ ಕುರ್ಚಿಯಲ್ಲಿ ಕೂತು ಓದುತ್ತಿದ್ದರು, ಅಲುಗಾಡದೆ ಕೂತವರು ಸೆನ್ಸರ್‌ಗೆ ಕಾಣುವುದಿಲ್ಲ. ದೀಪ ಆರುತ್ತಿತ್ತು, ಕೈ ಆಡಿಸಿದರೆ ಹತ್ತುತ್ತಿತ್ತು, ಮತ್ತೆ ಆರುತ್ತಿತ್ತು. ಅವರು ಮೂರು ಸಂಜೆ ಹೀಗೇ ಕೈ ಆಡಿಸುತ್ತಾ ಓದಿದರು, ನನಗೆ ಹೇಳಲೂ ಇಲ್ಲ. ಗೊತ್ತಾದಾಗ ಬಹಳ ಬೇಜಾರಾಯಿತು. ಆವತ್ತೇ ಕೂತು ಪ್ರತಿ ಕಂಪನಿಯ ಆ್ಯಪ್ ತೆರೆದು ಅದರೊಳಗಿನ ನಿಯಮ, ಟೈಮರ್, ವೇಳಾಪಟ್ಟಿ ಎಲ್ಲ ಅಳಿಸಿದೆ. ಉಳಿದದ್ದು ಒಂದೇ ಕಡೆ. ನೀವೂ ಇದನ್ನು ಮಾಡಿ, ಹೊಸ ನಿಯಮ ಹಾಕುವ ಮೊದಲೇ ಮಾಡಿ.

ನಿಯಮ ಬರೆಯುವಾಗ ಮನೆಯಲ್ಲಿ ಬೇರೆಯವರೂ ಇದ್ದಾರೆ ಅನ್ನುವುದು ನೆನಪಿರಲಿ. ವಯಸ್ಸಾದವರು, ಮಕ್ಕಳು, ಬಂದ ಅತಿಥಿಗಳು, ಇವರು ಯಾರೂ ಆ್ಯಪ್ ತೆರೆಯುವುದಿಲ್ಲ. ಪ್ರತಿ ದೀಪಕ್ಕೂ ಗೋಡೆಯ ಮೇಲೆ ಕೈಗೆ ಸಿಗುವ ಒಂದು ಗುಂಡಿ ಇರಲೇಬೇಕು.

ಕೆಲಸ ಮಾಡದಿದ್ದಾಗ

ಮೊದಲ ಕೆಲಸವೇ ರೀಸೆಟ್ ಆಗಬಾರದು. ರೀಸೆಟ್ ಮಾಡಿದರೆ ಎಲ್ಲ ಜೋಡಣೆಯೂ ಹೋಗುತ್ತದೆ, ಮೂಲ ಕಾರಣ ಮಾತ್ರ ಹಾಗೇ ಉಳಿಯುತ್ತದೆ. ಸಾಧನಕ್ಕೆ ಕರೆಂಟ್ ಇದೆಯಾ, ಬ್ಯಾಟರಿ ಇದೆಯಾ ನೋಡಿ. ಕಂಪನಿಯ ಸ್ವಂತ ಆ್ಯಪ್‌ನಲ್ಲಿ ಕೆಲಸ ಮಾಡುತ್ತದಾ ನೋಡಿ. ಅಲ್ಲಿ ಮಾಡಿ ನಿಮ್ಮ ಮೆದುಳಿನಲ್ಲಿ ಮಾಡದಿದ್ದರೆ ತಪ್ಪು ಜೋಡಣೆಯಲ್ಲಿದೆ, ಸಾಧನದಲ್ಲಲ್ಲ. ಎರಡೂ ಕಡೆ ಮಾಡದಿದ್ದರೆ ಸಾಧನವನ್ನು ರೂಟರ್ ಅಥವಾ ಹಬ್ ಹತ್ತಿರ ತಂದು ನೋಡಿ. ಹತ್ತಿರ ತಂದಾಗ ಸರಿ ಹೋದರೆ ದೂರದ ಸಮಸ್ಯೆ, ನಡುವೆ ಒಂದು ಕರೆಂಟ್ ಸಾಧನ ಹಾಕಿ. ಹಬ್, ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಹತ್ತು ನಿಮಿಷ ಕಾಯಿರಿ. ಕೆಲವು ದಿನಕ್ಕೊಮ್ಮೆ ಒಂದೇ ಸಾಧನ ಕಾಣೆಯಾಗುತ್ತಿದ್ದರೆ ರೂಟರ್‌ನಲ್ಲಿ ಅದಕ್ಕೆ ಖಾಯಂ ಐಪಿ ವಿಳಾಸ ಕೊಡಿ. ಇಷ್ಟಾದರೂ ಆಗದಿದ್ದರೆ ಆಮೇಲೆ ರೀಸೆಟ್.

ಎಲ್ಲ ಹೊಂದಿಸಿ ಆದ ಮೇಲೆ ಒಂದು ಸಂಜೆ ಇದನ್ನು ಮಾಡಿ ನೋಡಿ. ಮನೆಯವರಿಗೆ ಹೇಳಿ, ರೂಟರ್‌ಗೆ ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ಮಾತ್ರ ಕಳಚಿ. ರೂಟರ್ ಆನ್ ಇರಲಿ. ಈಗ ಮನೆಯೊಳಗೆ ಓಡಾಡಿ. ಯಾವ ದೀಪ ಹತ್ತುತ್ತದೆ, ಯಾವ ಸೆನ್ಸರ್ ಕೆಲಸ ಮಾಡುತ್ತದೆ, ಬಾಗಿಲ ಬೀಗ ತೆರೆಯುತ್ತದಾ? ಮೊದಲು ಬರೆದ ಆ ಹಾಳೆಯಲ್ಲಿ ನಿಂತು ಹೋದವುಗಳ ಮುಂದೆ ಗುರುತು ಹಾಕಿ. ಮುಂದಿನ ಸಲ ಹೊಸದು ಕೊಳ್ಳುವಾಗ ಗುರುತು ಬಿದ್ದವುಗಳನ್ನೇ ಮೊದಲು ಬದಲಾಯಿಸಿ, ಬೀಗ ಇದ್ದರೆ ಎಲ್ಲಕ್ಕಿಂತ ಮೊದಲು ಅದನ್ನು.